ರೈಟರ ಮನೆಯ ಅಕ್ಕಿ

ನಮ್ಮ ಮನೆಗೆ ಸಾಮಾನು ಬರುತ್ತಿತ್ತು. ಅಪ್ಪ ಕೊಂಡು ತರುತ್ತಿದ್ದ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಸಂತೆಗೆ ಹೋಗಿ ಮೆಣಸಿನಕಾಯಿಯನ್ನೋ ಈರುಳ್ಳಿಯನ್ನೋ ತಂದದ್ದು ಬಿಟ್ಟರೆ ಉಳಿದದ್ದೆಲ್ಲ ತಾನಾಗಿಯೇ ಒಳಗೆ ಬಂದು ಸೇರುತ್ತಿತ್ತು. ಅಕ್ಕಿಯ ಚೀಲ ಬಂತು, ಸಕ್ಕರೆ ಬಂತು, ಸೀಮೆಎಣ್ಣೆಯ ಡಬ್ಬ ಬಂತು, ಹುತ್ತರಿ ಹಬ್ಬದ ಹೊತ್ತಿಗೆ ಅವ್ವನಿಗೊಂದು ಸೀರೆ ಬಂತು. ಹೀಗೇ ಮಾತಾಡುತ್ತಿದ್ದೆವು. ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ. ಹುದಿಕೇರಿಯಿಂದ ಒಳಗೆ, ಗಾಡಿದಾರಿ ಮುಗಿಯುವ ಕಡೆ ಇದ್ದ ಒಂದು ಕಾಫಿ ತೋಟದಲ್ಲಿ ಅಪ್ಪ ರೈಟರಾಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಗೋಡೌನಿನ ಬೀಗದಕೈ ಸೊಂಟದಲ್ಲಿ ಇಟ್ಟುಕೊಂಡು ತಿರುಗುವುದು, ವಾರಕ್ಕೊಮ್ಮೆ ಆಳುಗಳು ಸಾಲಾಗಿ ವಾಸವಿದ್ದ ಲೈನಿನ ಮನೆಗಳವರಿಗೆ ಪಡಿಯಕ್ಕಿ ಅಳೆಸಿ ಕೊಡುವುದು ಅವನ ಕೆಲಸ. ಕೊಡಗು ಆಗ ತನ್ನಷ್ಟಕ್ಕೆ ಒಂದು ಪುಟ್ಟ ರಾಜ್ಯ. ಮಂತ್ರಿಗಳು ಮಡಿಕೇರಿಯಲ್ಲೇ ಇದ್ದರು. ಅಕ್ಕಿಗೆ ಕಂಟ್ರೋಲು ಇತ್ತು. ತೋಟದ ಆಳುಗಳ ಪಾಲಿನ ಅಕ್ಕಿ ಪೇಟೆಯ ಡಿಪೊದಿಂದ ಎತ್ತಿನ ಗಾಡಿಗಳಲ್ಲಿ ಬರುತ್ತಿತ್ತು.

ನಮಗೆ ಕೊಟ್ಟಿದ್ದ ಮನೆ ಮೂರು ಕೋಣೆಗಳದ್ದು, ಒಂದರ ಹಿಂದೆ ಒಂದು. ಮುಂಬಾಗಿಲಲ್ಲಿ ನಿಂತರೆ ದಿಬ್ಬದ ಮೇಲೆ ತೋಟದ ಸಾವುಕಾರರ ಬಂಗಲೆ ಕಾಣುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ನಿಂತರೆ ಕೆಳಗಡೆ ಲೈನು, ಅದರ ತಗಡಿನ ಮಾಡಿನಿಂದ ಸೋರುತ್ತಿದ್ದ ಹೊಗೆ. ಅಪ್ಪ ಯಾವಾಗಲೂ ಮುಂಬಾಗಿಲಿಂದ ಹೋಗುತ್ತಿದ್ದ, ಅವ್ವ ಬಹುಮಟ್ಟಿಗೆ ಹಿತ್ತಿಲಲ್ಲೇ ಇರುತ್ತಿದ್ದಳು. ನಡುಕೋಣೆಯಲ್ಲಿ ಒಂದು ಹಲಗೆಯ ಮೇಲೆ ಅಕ್ಕಿ ಚೀಲ. ಅದರ ಪಕ್ಕ ಅಜ್ಜಿಯ ಹಾಸಿಗೆ, ಅಜ್ಜಿಯ ಪಕ್ಕ ನಾನು. ಹೊಸ ಚೀಲದ ಬಾಯಿ ಬಿಚ್ಚಿದ ದಿನ ಆ ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು. ಸಣ್ಣಕ್ಕಿ, ಕಾಳಿಗೆ ಕಾಳು ಅಂಟದ ಅಕ್ಕಿ. ಅನ್ನ ಬಸಿಯುವಾಗ ಏಳುತ್ತಿದ್ದ ಆ ಹಬೆಗೆ ಮುಖವೊಡ್ಡಿ ನಿಲ್ಲುವುದು ನನಗೆ ಚಳಿಗಾಲದ ಬೆಳಗಿನ ಸುಖಗಳಲ್ಲೊಂದು. ನಮ್ಮವರು ಹಿಂದೆ ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಹೊಲ ಮಾಡಿಕೊಂಡವರು. ಅಜ್ಜಿ ತನ್ನ ಜೀವಮಾನವೆಲ್ಲ ರಾಗಿ ಮುದ್ದೆ ಉಂಡವಳು. ಅನ್ನ ಹಬ್ಬಕ್ಕೆ, ಬಾಣಂತಿಗೆ, ಮಾವನವರು ಬಂದರೆ. ಮಗನ ಕೆಲಸದಿಂದಾಗಿ ದಿನಾ ಎರಡು ಹೊತ್ತು ಬಿಳಿ ಅನ್ನ ಉಣ್ಣುವ ಭಾಗ್ಯ ಅವಳಿಗೆ ಕೊನೆಗಾಲದಲ್ಲಿ ಬಂದಿತ್ತು. ತಟ್ಟೆಯ ಮುಂದೆ ಕೂತವಳು ತಕ್ಷಣ ಕೈ ಹಾಕುತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಿದ್ದಳು. ಆಮೇಲೆ ಊರಿನಿಂದ ಯಾರಾದರೂ ಬಂದಿದ್ದರೆ ಅವರ ಕಡೆ ತಿರುಗಿ, "ನಮ್ಮಲ್ಲಿ ದಿನಾ ಇದೇಯ" ಎನ್ನುತ್ತಿದ್ದಳು.

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದಾಗ ಘಟ್ಟದ ಕೆಳಗಿನ ತುಳುವರು ಗುಂಪುಗುಂಪಾಗಿ ತೋಟಕ್ಕೆ ಬರುತ್ತಿದ್ದರು. ಕೆಲವರು ಬೇಸಿಗೆ ಕಳೆದು ವಾಪಸು ಹೋಗುವರು, ಕೆಲವರು ಅಲ್ಲೇ ಉಳಿಯುವರು. ಹಾಗೆ ಉಳಿದವರಲ್ಲಿ ಬಾಗಿ ಒಬ್ಬಳು. ಗಂಡ ಬಾಬು ಗಿಡದ ರೆಂಬೆ ಸವರುವ ಕಪಾತಿನ ಕೆಲಸದಲ್ಲಿ ಇದ್ದ. ಬಾಗಿ ಹಣ್ಣು ಕೊಯ್ದು, ತೂಕ ಹಾಕಿಸಿ, ಇಳಿಹೊತ್ತಿಗೆ ನಮ್ಮ ಹಿತ್ತಿಲಿಗೆ ಬಂದು ಪಾತ್ರೆ ತೊಳೆದು ಹೋಗುತ್ತಿದ್ದಳು. ಸೊಂಟದಲ್ಲಿ ಒಂದು ಹೆಣ್ಣು ಮಗು. ಅದನ್ನು ಕಲ್ಲಿನ ಪಕ್ಕ ಗೋಣಿಯ ಮೇಲೆ ಕೂರಿಸಿ ಬೂದಿ ಹಚ್ಚಿ ತಿಕ್ಕಲು ಶುರು ಮಾಡಿದರೆ ಅವಳು ತಲೆ ಎತ್ತುತ್ತಿರಲಿಲ್ಲ. ಆ ಮಗು ಅಳುತ್ತಿದ್ದದ್ದು ಕಡಿಮೆ. ನಾನು ಅದರ ಮುಂದೆ ಕಾಫಿ ಎಲೆಯಲ್ಲಿ ಪೀಪಿ ಮಾಡಿ ಊದಿದರೆ ನಗುವುದೋ ಬೇಡವೋ ಎಂದು ಯೋಚಿಸಿ ಆಮೇಲೆ ನಗುತ್ತಿತ್ತು.

ನಾವು ಬಸಿದ ಗಂಜಿ ಹಸುವಿನ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಒಂದು ದಿನ ಅವ್ವ ಅದನ್ನು ಎತ್ತಿಕೊಂಡು ಹೊರಗೆ ಬಂದಾಗ ಬಾಗಿ ಮೊದಲ ಸಲ ಬಾಯಿಬಿಟ್ಟು ಒಂದು ವಸ್ತು ಕೇಳಿದಳು.

"ಅಮ್ಮಾ, ಆ ತೆಳಿ ಚೆಲ್ಲುದಾ? ಚೆಲ್ಲುದಾದ್ರೆ ನಂಗೆ ಕೊಡ್ತೀರಾ?"

"ಯಾಕೆ, ಬಟ್ಟೆಗೆ ಹಾಕ್ತೀಯಾ?"

"ಬಟ್ಟೆಗೆಂತಕ್ಕೆ ಅಮ್ಮ? ಮಗುವಿಗೆ. ಜ್ವರ ಬಿಟ್ಟಿದೆ, ಆದ್ರೆ ಎಂತ ಕೊಟ್ರೂ ಹೊಟ್ಟೆಯಲ್ಲಿ ನಿಲ್ಲುದಿಲ್ಲ."

"ಪಡಿಯಕ್ಕಿ ಕೊಟ್ಟಿದಾರಲ್ಲ. ಅದ್ರಲ್ಲೇ ಗಂಜಿ ಕಾಸಿ ಕೊಡೆ."

"ಅಕ್ಕಿ ಉಂಟಮ್ಮ. ಅದರ ಗಂಜಿ ಇದು ಕುಡಿಯುದಿಲ್ಲ. ಮೂಗಿನ ಹತ್ರ ತಂದ್ರೆ ಮುಖ ತಿರುಗಿಸ್ತದೆ."

ಅವ್ವ ಆ ದಿನ ಗಂಜಿ ಕೊಟ್ಟಳು. ಕೊಡುತ್ತಾ ಹೇಳಿದಳು, "ಮಕ್ಕಳು ಮುಖ ತಿರುಗಿಸ್ತವೆ ಅಂತ ನಾವೂ ಅವುಗಳ ತಾಳಕ್ಕೆ ಕುಣೀಬಾರ್ದು ಕಣೆ. ಹಸಿವಾದ್ರೆ ತಾನೇ ಕುಡೀತದೆ." ಬಾಗಿ ತಲೆಯಾಡಿಸಿ ಚೊಂಬು ತೊಳೆದು ಒಡ್ಡಿದಳು. ಅಜ್ಜಿ ಒಳಗಿನಿಂದಲೇ, "ಹಸುಗೆ ಬೇಡ್ವೇನಮ್ಮಿ?" ಎಂದಳು. ಮಾರನೆಯ ದಿನದಿಂದ ಅವ್ವ ಅರ್ಧ ಬಾಗಿಗೆ, ಅರ್ಧ ಹಸುವಿಗೆ ಹಂಚಿದಳು. ತಾನು ದೊಡ್ಡ ಮನಸ್ಸಿನವಳು ಎಂದು ಆಗ ಅವಳಿಗೆ ಅನಿಸಿರಬೇಕು. ನನಗೂ ಅನಿಸಿತ್ತು. ಆ ಒಂದು ಮಾತನ್ನು ಮಾತ್ರ ಅವ್ವ ಮುಂದೆ ಎಷ್ಟೋ ವರ್ಷಗಳ ಮೇಲೂ, ಏನೋ ಕೆಲಸ ಮಾಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ, ತನ್ನಷ್ಟಕ್ಕೇ ಅಂದುಕೊಂಡು ತಲೆ ಕೊಡವುತ್ತಿದ್ದಳು: ಹಸಿವಾದ್ರೆ ತಾನೇ ಕುಡೀತದೆ.

ಆಮೇಲೆ ಬಾಗಿ ಬರುವುದು ನಿಂತಿತು. ಪಾತ್ರೆಗಳು ಹಿತ್ತಿಲಲ್ಲಿ ಗುಡ್ಡೆಬಿದ್ದವು. ಒಂದೆರಡು ದಿನ ಅವ್ವ ಗೊಣಗುತ್ತ ತಾನೇ ತಿಕ್ಕಿದಳು, ಮತ್ತೆ ನನ್ನ ಕೈ ಹಿಡಿದುಕೊಂಡು ಲೈನಿನ ಕಡೆ ಇಳಿದಳು. ಮಗುವನ್ನು ನೋಡಬೇಕೆಂದು ಹೋದದ್ದಲ್ಲ. ಬಾಗಿಯನ್ನು ಕರೆದು ತರಬೇಕೆಂದು ಹೋದದ್ದು. ಇದನ್ನು ಅವ್ವನೇ ಎಷ್ಟೋ ಸಲ ಹೇಳಿದ್ದಾಳೆ, ನಾನು ಅವಳ ಪರವಾಗಿ ಬೇರೆ ಬಣ್ಣ ಕಟ್ಟುವುದಿಲ್ಲ. ಲೈನಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಂದೇ ಉದ್ದ ಗೋಡೆಗೆ ಸಾಲಾಗಿ ಬಾಗಿಲುಗಳು, ಪ್ರತಿ ಬಾಗಿಲ ಹಿಂದೆ ಒಂದೇ ಕೋಣೆ. ಬಾಗಿಯ ಕೋಣೆಯಲ್ಲಿ ಬೆಳಕು ಕಡಿಮೆ, ಆದರೆ ನೆಲ ಸಾರಿಸಿ ಚೊಕ್ಕಟವಾಗಿತ್ತು. ಮಗು ಮೂಲೆಯಲ್ಲಿ ಹಳೆ ಸೀರೆಯ ಮೇಲೆ ಮಲಗಿತ್ತು. ಒಲೆಯ ಮೇಲೆ ಮಡಕೆ ಕುದಿಯುತ್ತಿತ್ತು. ಅದರಿಂದ ಏಳುತ್ತಿದ್ದ ವಾಸನೆ ನನಗೆ ಏನೆಂದು ತಿಳಿಯಲಿಲ್ಲ. ನೆನೆದ ಗೋಣಿಚೀಲವನ್ನು ಬೆಂಕಿಗೆ ಹಿಡಿದ ಹಾಗಿತ್ತು. ನಾನು ಮೂಗು ಮುಚ್ಚಿಕೊಂಡೆ, ಅವ್ವ ನನ್ನ ಕೈ ಕೆಳಗೆ ಎಳೆದಳು.

"ಏನು ಬೇಯಿಸ್ತಿದೀಯ ಬಾಗಿ?"

"ಅನ್ನ ಅಮ್ಮ."

ಬಾಗಿಲ ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಇತ್ತು, ಆರಿಸುತ್ತ ಅರ್ಧಕ್ಕೆ ಬಿಟ್ಟದ್ದು. ಹಳದಿ ಬಣ್ಣ, ಅಲ್ಲಲ್ಲಿ ಗಂಟುಗಂಟಾಗಿ ಅಂಟಿಕೊಂಡಿತ್ತು, ಗಂಟಿನೊಳಗೆ ಹುಳುವಿನ ಬಲೆ. ಎಲ್ಲೋ ನೆನೆದು, ಮುಗ್ಗಿ, ಮತ್ತೆ ಒಣಗಿಸಿದ ಅಕ್ಕಿ. ಅವ್ವ ಕೂತು ಒಂದು ಹಿಡಿ ತೆಗೆದು ಮೂಸಿದಳು.

"ಇದು ಎಲ್ಲಿಂದು?"

"ಎಲ್ಲಿಂದು ಅಂದ್ರೆ? ಪಡಿದು. ಎಲ್ಲರಿಗೂ ಇದೇ ಅಲ್ವಾ ಅಮ್ಮ."

"ಯಾವಾಗಿಂದ ಹಿಂಗಿದೆ?"

"ನಾವು ಬಂದ ಮೇಲೆ ಒಳ್ಳೇದು ಕಂಡದ್ದಿಲ್ಲ."

"ಒಂದು ಸೇರು ನನಗೆ ಕೊಡು. ನಿನಗೆ ನಾನು ಮನೆಯಿಂದ ಬೇರೆ ಕಳಿಸ್ತೀನಿ."

ಬಾಗಿಯ ಮುಖ ಬಿಳಿಚಿಕೊಂಡಿತು. ಅವ್ವನ ಕೈಯಲ್ಲಿದ್ದ ಹಿಡಿ ಅಕ್ಕಿಯನ್ನೇ ನೋಡುತ್ತ ದನಿ ತಗ್ಗಿಸಿದಳು.

"ಬೇಡ ಅಮ್ಮ. ನಾನೆಂತ ದೂರು ಹೇಳ್ಲಿಲ್ಲ ನಿಮ್ಮತ್ರ. ರೈಟರಿಗೆ ಗೊತ್ತಾದ್ರೆ ನಮ್ಮನ್ನು ಕಳಿಸಿಬಿಡ್ತಾರೆ."

ರೈಟರು ಎಂದರೆ ನನ್ನ ಅಪ್ಪ. ಸಂಜೆ ಬಂದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಗ್ಗಿ ಕೇಳುವ ಅಪ್ಪ. ಅವನ ಹೆಸರನ್ನು ಯಾರಾದರೂ ಹಾಗೆ, ಹುಲಿ ಪಕ್ಕದಲ್ಲೇ ಇದೆಯೇನೋ ಎನ್ನುವ ಹಾಗೆ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖದಲ್ಲಿ ಕಂಡಿತು. ಅವಳು ಮತ್ತೆ ಕೇಳದೆ, ಮೊರದಿಂದ ತಾನೇ ಬೊಗಸೆ ಬೊಗಸೆ ತೆಗೆದು ಸೆರಗಿಗೆ ಹಾಕಿಕೊಂಡು ಗಂಟು ಕಟ್ಟಿದಳು. ಅಂದೇ ಸಂಜೆ ನನ್ನ ಕೈಯಲ್ಲಿ ನಮ್ಮ ಅಕ್ಕಿ ಕಳಿಸಿದಳು.

ಮರುದಿನ ಭಾನುವಾರ, ಅಪ್ಪ ಮಧ್ಯಾಹ್ನ ಮನೆಯಲ್ಲೇ ಉಣ್ಣುವ ದಿನ. ಅವ್ವ ಅಜ್ಜಿಗೆ, ಅಪ್ಪನಿಗೆ, ನನಗೆ ತಟ್ಟೆ ಹಾಕಿ ಅನ್ನ ಬಡಿಸಿ ಹುರುಳಿ ಸಾರು ಬಿಟ್ಟಳು. ಅಜ್ಜಿ ಎಂದಿನಂತೆ ನೋಡುತ್ತ ಕೂತಳು, ನೋಡುತ್ತಿದ್ದವಳ ಹುಬ್ಬು ಗಂಟಿಕ್ಕಿತು. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ನಿಲ್ಲಿಸಿದ.

"ಏನೇ ಇದು? ಅಕ್ಕಿ ಕೆಟ್ಟಿದ್ಯಾ?"

"ನಮ್ಮ ಅಕ್ಕಿ ಕೆಟ್ಟಿಲ್ಲ. ಇದು ನೀವು ಮೊನ್ನೆ ಅಳೆಸಿ ಕೊಟ್ಟಿದ್ದು. ಲೈನಿಂದ ತಂದೆ."

ಅಜ್ಜಿ ತುತ್ತನ್ನು ಕೈಗೆ ಉಗಿದುಕೊಂಡಳು. "ಲೈನಿನ ಮನೆ ಒಳಕ್ಕೆ ಹೋಗಿದ್ಯೇನೆ ನೀನು?"

"ಹೋಗಿದ್ದೆ ಅತ್ತೆ. ಇಷ್ಟು ದಿನ ಹೋಗಿರ್ಲಿಲ್ಲ."

ಅಪ್ಪ ಹೇಳತೊಡಗಿದ. ಡಿಪೊದವರು ಗಾಡಿ ತುಂಬುವಾಗ ಒಂದು ಚೀಲವನ್ನು ಬೇರೆ ಇಟ್ಟು, ಬಾಯಿಗೆ ಕೆಂಪು ದಾರ ಹೊಲಿದು, ರೈಟರ ಮನೆಗೆ ಎಂದು ಕಳಿಸುತ್ತಿದ್ದರು. ಅಪ್ಪ ಬರುವುದಕ್ಕಿಂತ ಹಿಂದೆಯೂ ಹೀಗೇ ನಡೆದಿತ್ತು. ಸಕ್ಕರೆ, ಸೀಮೆಎಣ್ಣೆ, ಅವ್ವನ ಹುತ್ತರಿ ಸೀರೆ ಎಲ್ಲವೂ ಅಲ್ಲಿಂದಲೇ. ಬಂಗಲೆಯವರಿಗೆ ಸ್ವಂತ ಗದ್ದೆಯ ಭತ್ತವಿತ್ತು, ಅವರು ಈ ಅಕ್ಕಿಯ ಮುಖವನ್ನೇ ನೋಡಿದವರಲ್ಲ.

"ಅವ್ರು ತೂಕ ಸರಿಯಾಗಿ ಕೊಡ್ತಾರೆ. ಒಂದು ಕಾಳು ಕಮ್ಮಿ ಮಾಡಿಲ್ಲ ನಾನು ಯಾರಿಗೂ. ಅಕ್ಕಿ ಹೆಂಗಿದೆ ಅಂತ ನೋಡೋದು ನನ್ನ ಕೆಲ್ಸನಾ?"

"ಒಂದ್ಸಲನೂ ಮೂಗಿಗೆ ಬಡೀಲಿಲ್ವಾ?"

ಅಜ್ಜಿ ಮಗನ ಪರವಾಗಿ ಎದ್ದಳು. "ಊಟಕ್ಕೆ ಕೂತೋರ ಮುಂದೆ ಇಂಥ ಮಾತಾ? ನನ್ ಮಗ ಓದಿ ಮುಂದಕ್ಕೆ ಬಂದವ್ನೆ. ಅವ್ನ ಪಾಲಿಂದು ಅವ್ನಿಗೆ ಬಂದದೆ."

"ಯಾರ ಪಾಲಿಂದು ಅತ್ತೆ?"

"ಮತ್ತೆ? ನಾನೇನು ಕದ್ದಿದೀನಾ?" ಅಪ್ಪನ ದನಿ ಏರಿತು.

"ನೀವು ಕದ್ದಿಲ್ಲ ಕಣ್ರಿ," ಅವ್ವ ಹೇಳಿದಳು, ಅವಳ ದನಿ ಏರಲೇ ಇಲ್ಲ. "ನಾವು ಉಂಡಿದೀವಿ."

ಅಪ್ಪ ತಟ್ಟೆಯನ್ನು ತಳ್ಳಿ ಏಳುತ್ತಾನೆ ಎಂದುಕೊಂಡೆ. ಏಳಲಿಲ್ಲ. ತಲೆ ಬಗ್ಗಿಸಿ ಆ ಅನ್ನವನ್ನೆಲ್ಲ, ಕೊನೆಯ ತುತ್ತಿನವರೆಗೆ, ಉಂಡು ಮುಗಿಸಿದ. ಕೈ ತೊಳೆದು ಹಿತ್ತಿಲ ಬಾಗಿಲಲ್ಲಿ ಹೋಗಿ ನಿಂತ. ಅವನು ಆ ಬಾಗಿಲಲ್ಲಿ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಮೇಲೆ ಮನೆಯಲ್ಲಿ ಅನ್ನ ನಿಂತಿತು. ಕೆಂಪು ದಾರದ ಚೀಲ ಹಲಗೆಯ ಮೇಲೆ ಅರ್ಧಕ್ಕರ್ಧ ತುಂಬಿಕೊಂಡೇ ಕೂತಿತ್ತು. ಅವ್ವ ಅದನ್ನು ಮುಟ್ಟಲಿಲ್ಲ. ಬಾಗಿಗೆ ಕಳಿಸಲು ಮಾತ್ರ ಅಷ್ಟಿಷ್ಟು ತೆಗೆಯುತ್ತಿದ್ದಳು. ಶಿರಂಗಾಲದಲ್ಲೇ ಇದ್ದ ತನ್ನ ತವರಿಗೆ ಹೇಳಿಕಳಿಸಿ ರಾಗಿ ತರಿಸಿದಳು. ಅಜ್ಜಿ ಮುದ್ದೆಯ ಮುಂದೆ ಕೂತು ಅತ್ತಳು. ಅಳುತ್ತಳುತ್ತಲೇ ಉಂಡಳು, ಬಹಳ ವರ್ಷಗಳ ಅಭ್ಯಾಸ, ಗಂಟಲಲ್ಲಿ ಸಲೀಸಾಗಿ ಇಳಿಯಿತು. ಕಷ್ಟವಾದದ್ದು ನನಗೆ. ರಾತ್ರಿ ಮಲಗಿದಾಗ ಪಕ್ಕದ ಚೀಲದಿಂದ ಆ ಘಮ ಬರುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು. ಅದರ ಜೊತೆಗೇ ಲೈನಿನ ಆ ಮಡಕೆಯ ವಾಸನೆ ನೆನಪಾಗಿ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದೆ. ಅವ್ವ ಯಾಕಾದರೂ ಲೈನಿಗೆ ಹೋದಳೋ, ನನ್ನನ್ನಾದರೂ ಯಾಕೆ ಕರೆದುಕೊಂಡು ಹೋದಳೋ ಎಂದು ಸಿಟ್ಟು ಬರುತ್ತಿತ್ತು. ನಾನು ಯಾರಿಗೂ ಏನೂ ಮಾಡಿರಲಿಲ್ಲ. ಉಂಡಿದ್ದೆ, ಅಷ್ಟೇ. ಆ 'ಅಷ್ಟೇ' ಎನ್ನುವುದು ಎಷ್ಟು ಭಾರದ ಮಾತು ಎಂದು ಅರ್ಥವಾಗುವ ವಯಸ್ಸು ಅದಲ್ಲ. ಆದರೂ ಏನೋ ಒಂದು ಒಳಗೆ ಸೇರಿಕೊಂಡು ಕದಲದೆ ಕೂತಿತು. ಬಾಗಿಯ ಮಗುವಿನ ಮುಂದೆ ಪೀಪಿ ಊದಲು ಮತ್ತೆ ನನ್ನಿಂದಾಗಲಿಲ್ಲ.

ಒಂದು ಸಂಜೆ ಅಪ್ಪ ಅವ್ವನಿಗೆ ಹೇಳುತ್ತಿದ್ದ: ಸಾವುಕಾರರಿಗೆ ಹೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ, ಡಿಪೊದವರನ್ನು ಕೇಳಿದರೆ ಅವರು ಸಾವುಕಾರರಿಗೆ ಇಲ್ಲದ್ದು ಹೇಳುತ್ತಾರೆ, ಎರಡರಲ್ಲಿ ಯಾವುದಾದರೂ ಈ ಮನೆ ಖಾಲಿ ಮಾಡಬೇಕಾಗುತ್ತದೆ. ಅವ್ವ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು, ಹೋಗಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮುಂದಿನ ಲೋಡು ಬಂದ ದಿನ ಅಪ್ಪ ಗೋಡೌನಿನ ಮುಂದೆ ಗಾಡಿಗಳನ್ನು ನಿಲ್ಲಿಸಿ, ಒಂದೊಂದು ಚೀಲದ ಬಾಯನ್ನೂ ಬಿಚ್ಚಿಸಿ, ಕೈಯಿಟ್ಟು ಮೂಸಿ ನೋಡಿದನಂತೆ. ಕೆಂಪು ದಾರದ ಚೀಲವನ್ನೂ ಸೇರಿಸಿ ಅಷ್ಟನ್ನೂ ಹಾಗೇ ವಾಪಸು ಹೊಡೆಸಿದ. ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದ. ಅವ್ವ ಅವನಿಗೆ ಬೆಲ್ಲ ಹಾಕಿ ಕಾಫಿ ಮಾಡಿಕೊಟ್ಟಳು. ಅವರಿಬ್ಬರೂ ಆ ಸಂಜೆ ಜಗಲಿಯಲ್ಲಿ ಅಕ್ಕಪಕ್ಕ ಕೂತಿದ್ದರು. ಎಲ್ಲ ಸರಿಹೋಯಿತೆಂದು ನನಗನಿಸಿತು.

ಗಾಡಿಗಳು ಮತ್ತೆ ಬರಲಿಲ್ಲ. ಡಿಪೊದವರು ನಿಮ್ಮ ಪಾಲು ಕಳಿಸಿಯಾಗಿದೆ, ಬೇಡವೆಂದವರು ನೀವೇ ಎಂದರಂತೆ. ಪಡಿ ಕೊಡುವ ದಿನ ಲೈನಿನವರು ಚೀಲ, ಬುಟ್ಟಿ ಹಿಡಿದು ಗೋಡೌನಿನ ಮುಂದೆ ಬಂದು ನಿಂತರು. ಅಪ್ಪ ಬರಿಗೈಯಲ್ಲಿ ಅವರ ಮುಂದೆ ನಿಂತು ಕೈ ಮುಗಿದ. ಗಲಾಟೆ ನಮ್ಮ ಮನೆಯವರೆಗೂ ಕೇಳಿಸಿತು. ಕೆಟ್ಟ ಅಕ್ಕಿಯನ್ನು ತೊಳೆದು, ಬಿಸಿಲಿಗಿಟ್ಟು, ಹುಣಸೆ ಹಿಂಡಿ ಹೇಗೋ ಉಣ್ಣುತ್ತಿದ್ದವರಿಗೆ ಈಗ ಅದೂ ಇಲ್ಲ. ಇದು ಅಪ್ಪನಿಗೂ ಹೊಳೆದಿರಲಿಲ್ಲ, ಅವ್ವನಿಗೂ ಹೊಳೆದಿರಲಿಲ್ಲ. ನಮಗೆ ಶಿರಂಗಾಲದ ರಾಗಿ ಇತ್ತು. ಅವ್ವ ಮನೆಯ ಚೀಲವನ್ನು ಜಗಲಿಗೆ ಎಳೆದು ತಂದಳು. ಮಕ್ಕಳಿರುವ ಮನೆಯವರನ್ನು ಕರೆದು ಹಂಚತೊಡಗಿದಳು. ಅಜ್ಜಿ ಒಳಗಿನಿಂದ ಎದ್ದು ಬಂದಾಗ ಜಗಳವಾಗುತ್ತದೆ ಎಂದುಕೊಂಡೆ. ಅವಳು ಅವ್ವನ ಕೈಯಿಂದ ಸೇರು ಕಿತ್ತುಕೊಂಡು, "ನಿನ್ ಕೈ ಬಿಗಿ, ತುಂಬಿ ತುಳುಕೋ ಹಂಗೆ ಅಳೀಬೇಕು" ಎಂದು ತಾನೇ ಕೂತು ರಾಶಿ ಏರಿಸಿ ಏರಿಸಿ ಅಳೆದಳು. ಸಂಜೆಗೆ ಮುಂಚೆಯೇ ಚೀಲ ತಳ ಕಂಡಿತು. ಕೈಯಲ್ಲಿ ಬುಟ್ಟಿ ಹಿಡಿದವರು ಇನ್ನೂ ನಿಂತಿದ್ದರು.

ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಬಾಗಿ ನಿಂತಿದ್ದಳು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು. ದೂರದಲ್ಲಿ ಬಾಬು ಮತ್ತೆ ಒಂದೆರಡು ಮನೆಯವರು ಕಾಯುತ್ತಿದ್ದರು.

"ನಾವು ಹೋಗ್ತೇವೆ ಅಮ್ಮ. ಊರಿಗೆ."

"ಈ ಮಗುನ ಕಟ್ಕೊಂಡು ಘಟ್ಟ ಇಳೀತೀಯಾ? ಇನ್ನೊಂದೆರಡು ದಿನ ತಡಿ ಬಾಗಿ. ಒಳ್ಳೆ ಅಕ್ಕಿ ಬತ್ತದೆ. ಅವ್ರು ಅದಕ್ಕೇ ಓಡಾಡ್ತಾ ಇದಾರೆ."

ಬಾಗಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಅವ್ವನಿಗೆ ಚೂರು ಹಗುರಾಗುತ್ತಿತ್ತೇನೋ.

"ಆ ಅಕ್ಕಿಯಾದ್ರೂ ಇತ್ತಲ್ಲ ಅಮ್ಮ."

ಅವ್ವ ಒಳಗೆ ಓಡಿಹೋಗಿ ಚೀಲವನ್ನು ಕೊಡವಿದಳು. ಒಂದು ಹಿಡಿ ಸಿಕ್ಕಿತು. ಅದನ್ನೂ, ಒಂದಿಷ್ಟು ರಾಗಿ ಹಿಟ್ಟನ್ನೂ, ಬೆಲ್ಲವನ್ನೂ ಕಟ್ಟಿ ಕೊಟ್ಟಳು. ಬಾಗಿ ಈಸಿಕೊಂಡಳು. ಮಗು ಅವಳ ಹೆಗಲ ಮೇಲಿಂದ ನಮ್ಮನ್ನೇ ನೋಡುತ್ತಿತ್ತು, ಕಾಫಿ ಗಿಡಗಳ ತಿರುವಿನಲ್ಲಿ ಮರೆಯಾಗುವವರೆಗೂ.

ಅಪ್ಪ ಅಷ್ಟು ಹೊತ್ತಿಗೆ ಬಂಗಲೆಯ ಮೆಟ್ಟಿಲು ಹತ್ತಿದ್ದ. ಸಾವುಕಾರರು ವಯಸ್ಸಾದವರು, ಸಿಟ್ಟು ಬಂದರೆ ತಗ್ಗಿದ ದನಿಯಲ್ಲಿ ಮಾತಾಡುವವರು. ಅಪ್ಪ ಕೆಂಪು ದಾರದಿಂದ ಹಿಡಿದು ಎಲ್ಲವನ್ನೂ ಹೇಳಿದನಂತೆ. ಅವರು ಕೇಳಿದ್ದು ಒಂದೇ ಮಾತು.

"ಚೀಲ ಬಿಚ್ಚಿ ನೋಡೋಕೆ ನಿಮ್ಗೆ ಎರಡು ಪಿಕಿಂಗ್ ಕಳೀಬೇಕಾಯ್ತಾ ರೈಟ್ರೆ?"

ಅಪ್ಪ ಮನೆಗೆ ಬಂದು ಈ ಮಾತನ್ನು ಹೇಳಿ ಗೋಡೆಗೆ ಒರಗಿದ. ಅವ್ವ, "ಅವ್ರಿಗೆ ಎಷ್ಟು ಪಿಕಿಂಗ್ ಬೇಕಾಯ್ತಂತೆ?" ಎಂದಳು. ಆದರೆ ಸಾವುಕಾರರು ಸುಮ್ಮನಿರಲಿಲ್ಲ. ತಮ್ಮ ಕಣಜದ ಭತ್ತ ತೆಗೆಸಿ ಕುಟ್ಟಿಸಿ ಅಂದೇ ಲೈನಿಗೆ ಹಂಚಿಸಿದರು, ತಾವೇ ಪೇಟೆಗೆ ಹೋಗಿ ಜಗಳವಾಡಿ ಬಂದರು. ಆಮೇಲೆ ಬರತೊಡಗಿದ ಅಕ್ಕಿ ಅಷ್ಟೇನೂ ಚೆನ್ನಾಗಿರಲಿಲ್ಲ. ದಪ್ಪ ಕಾಳು, ಕಲ್ಲು ಇತ್ತು. ಆದರೆ ಮುಗ್ಗಿರಲಿಲ್ಲ, ಎಲ್ಲ ಚೀಲದಲ್ಲೂ ಒಂದೇ ಇತ್ತು. ನಮ್ಮ ಮನೆಗೂ ಅದೇ ಬಂತು. ಬಾಗಿ ಹೋದ ಬೆನ್ನಿಗೇ ಭತ್ತ ಕುಟ್ಟುವ ಸದ್ದು ಶುರುವಾದದ್ದು. ಅವ್ವ ಅದನ್ನು ಕೇಳಲಾರದೆ ಬಾಗಿಲು ಹಾಕಿಕೊಂಡಳು.

ಅಪ್ಪನ ಕೆಲಸ ಉಳಿಯಿತು. ಸಕ್ಕರೆ, ಸೀಮೆಎಣ್ಣೆ ಬರುವುದು ನಿಂತಿತು. ಹುತ್ತರಿಗೆ ಸೀರೆ ಬರಲಿಲ್ಲ. ಹಿಂದೆ ಬಂದಿದ್ದ ಸೀರೆಗಳನ್ನು ಅವ್ವ ಉಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಕೊಟ್ಟರೆ ತನಗೆ ಒಳ್ಳೆಯ ಹೆಸರು ಬರುತ್ತದೆ ಎಂದು ಹೆದರಿದಳೋ ಏನೋ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಸಾಮಾನೂ ಸುಮ್ಮನೆ ಒಳಗೆ ಬರುವಂತಿರಲಿಲ್ಲ. ಎಲ್ಲಿಂದು, ಯಾರು ಕೊಟ್ಟದ್ದು, ಅವರಿಗೆ ಉಳಿಯಿತಾ ಎಂದು ಅವ್ವ ಕೇಳುವಳು. ಸಂತೆಯಲ್ಲಿ ಬೆಲ್ಲದವನನ್ನು, ಬಳೆಗಾರನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದಳು. ಅಗ್ಗಕ್ಕೆ ಕೊಟ್ಟರೆ ಅವಳಿಗೆ ಸಂಶಯ ಹೆಚ್ಚು. ನಾನು ಅವಳ ಪಕ್ಕದಲ್ಲಿ ನಿಂತು ನಾಚಿಕೆಯಿಂದ ಕುಗ್ಗುತ್ತಿದ್ದೆ. ಅನ್ನ ಬಸಿಯುವುದನ್ನೇ ಬಿಟ್ಟು ನೀರು ಇಂಗುವ ಹಾಗೆ ಬೇಯಿಸಲು ಕಲಿತಳು, ಅಜ್ಜಿ ಅದನ್ನು ಸಾಯುವವರೆಗೂ ಕ್ಷಮಿಸಲಿಲ್ಲ. ಕಾಫಿಯ ವಿಷಯ ಮಾತ್ರ ಅವ್ವ ಯಾವತ್ತೂ ಎತ್ತಲಿಲ್ಲ. ದಿನಾ ಬೆಳಿಗ್ಗೆ ಲೈನಿನವರ ಕೈ ಕೊಯ್ದ ಹಣ್ಣಿನ ಕಾಫಿಯನ್ನು ಸುಮ್ಮನೆ ಕುಡಿಯುತ್ತಿದ್ದಳು. ಎಲ್ಲವನ್ನೂ ಕೇಳುತ್ತ ಹೋದರೆ ಉಳಿಯುವುದೇನು ಎಂದು ಅವಳಿಗೂ ಗೊತ್ತಿತ್ತು. ನಾನು ಈಗ ಆಗಿನ ಅವ್ವನಿಗಿಂತ ದೊಡ್ಡ ವಯಸ್ಸಿನವಳು. ಕುಶಾಲನಗರದ ಅಂಗಡಿಯಲ್ಲಿ ಒಂದು ಕೊಂಡರೆ ಒಂದು ಉಚಿತ ಎಂದು ಬರೆದದ್ದನ್ನು ಕಂಡರೆ ಕೈ ಹಿಂದಕ್ಕೆ ಬರುತ್ತದೆ. ಆ ಇನ್ನೊಂದು ಯಾರ ಪಾಲಿನದು ಎಂದು ಅಂಗಡಿಯವನನ್ನು ಕೇಳಲಾರೆ, ಕೇಳದೆಯೂ ಇರಲಾರೆ. ಕೆಲವು ಸಲ ಕೇಳದೆ ತಂದೂ ಬಿಡುತ್ತೇನೆ. ತಂದದ್ದು ಮನೆಯಲ್ಲಿ ಇರುವಷ್ಟು ದಿನ ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಮೈ ಹಿಡಿಯಾಗುತ್ತದೆ. ಮಕ್ಕಳು ನಗುತ್ತಾರೆ. ನಗಲಿ.

ಮುಂದಿನ ಪಿಕಿಂಗಿಗೆ ಘಟ್ಟದ ಕೆಳಗಿನವರು ಮತ್ತೆ ಬಂದರು. ಅವರು ಗಂಟುಮೂಟೆ ಇಳಿಸುತ್ತಿದ್ದ ಹಾಗೇ ಅವ್ವ ನನ್ನನ್ನು ಕರೆದುಕೊಂಡು ಲೈನಿಗೆ ಇಳಿದಳು. ಈ ಸಲ ಪಾತ್ರೆ ತೊಳೆಯಲು ಯಾರನ್ನೂ ಹುಡುಕಿಕೊಂಡು ಹೋದದ್ದಲ್ಲ. ಬಾಗಿಲು ಬಾಗಿಲಿಗೆ ನಿಂತು ಮುಖಗಳನ್ನು ನೋಡಿದಳು. ಕೊನೆಗೆ ಚಾಪೆ ಬಿಚ್ಚುತ್ತಿದ್ದ ವಯಸ್ಸಾದ ಹೆಂಗಸೊಬ್ಬಳನ್ನು ಕೇಳಿದಳು.

"ನಿಮ್ಮ ಕಡೆಯವಳು ಬಾಗಿ ಅಂತ, ಹೋದ ವರ್ಷ ಇಲ್ಲಿದ್ಲು. ಈ ಸಲ ಬರ್ಲಿಲ್ವಾ? ಹೆಂಗಿದಾಳೆ?"

"ಬಾಗಿ?" ಆಕೆ ನಕ್ಕಳು. "ನಮ್ಮಲ್ಲಿ ಬಾಗಿಗಳು ತುಂಬ ಉಂಟು ಅಮ್ಮ. ನಿಮಗೆ ಯಾವ ಬಾಗಿ?"

"ಗಂಡನ ಹೆಸರು ಬಾಬು."

"ಬಾಬು ಸಹ ತುಂಬ ಉಂಟು. ಊರು ಯಾವುದು?"

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಒಂದು ಹೆಣ್ಣು ಮಗು ಇತ್ತು," ಅವ್ವ ಹೇಳಿದಳು. "ಸಣ್ಣದು. ಜ್ವರ ಬಂದು ಬಿಟ್ಟಿತ್ತು."

"ಮಗುವಿನ ಹೆಸರು ಹೇಳಿ ಅಮ್ಮ, ಗೊತ್ತಾಗ್ತದೆ. ನಮ್ಮಲ್ಲಿ ಮಕ್ಕಳ ಹೆಸರಲ್ಲೇ ಕರಿಯುದು, ಇಂಥವಳ ಅಮ್ಮ ಅಂತ. ಎಂತ ಹೆಸರು ಮಗುವಿಂದು?"

ಅವ್ವ ಬಾಯಿ ತೆರೆದಳು. ಆ ಮಗುವಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ, ಕೇಳಿರಲಿಲ್ಲ.